ಸಿ ಪ್ರೋಗ್ರಾಂಗಳಿಗೆ ಹಗುರವಾದ ಯೂನಿಟ್ ಟೆಸ್ಟಿಂಗ್ ಲೈಬ್ರರಿ: ಪ್ಯಾಕೇಜ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನು ಕೇಳಿದವರಲ್ಲಿ ಹೆಚ್ಚಿನವರು ದಾವಣಗೆರೆ, ಚಿತ್ರದುರ್ಗದ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಇನ್ನು ಕೆಲವರು ಪಿ.ಬಿ. ರಸ್ತೆಯ ಆಸುಪಾಸಿನಲ್ಲಿ ಕೂತು ಅಡಿಕೆ ತೋಟದ ಹನಿ ನೀರಾವರಿ ಕಂಟ್ರೋಲರ್‌ಗೋ, ತೂಕದ ಯಂತ್ರಕ್ಕೋ ಸಿ ಬರೆಯುವವರು. ಯೂನಿಟ್ ಟೆಸ್ಟಿಂಗ್ ಲೈಬ್ರರಿ ಎಂದರೆ ಪ್ರೋಗ್ರಾಂನ ಒಂದೊಂದು ಫಂಕ್ಷನ್ನನ್ನೂ ಬಿಡಿಯಾಗಿ ಪರೀಕ್ಷಿಸಲು ನೆರವಾಗುವ ಕೋಡ್; ಅದನ್ನು ಎಲ್ಲರೂ ಇನ್‌ಸ್ಟಾಲ್ ಮಾಡಿಕೊಳ್ಳುವಂತೆ ಕಟ್ಟುವುದೇ ಪ್ಯಾಕೇಜ್ ಮಾಡುವುದು. ಉತ್ತರಗಳು ಡೆಬಿಯನ್ ಮತ್ತು ಉಬುಂಟು ಎಂಬ ಲಿನಕ್ಸ್‌ಗಳ ಲೆಕ್ಕದಲ್ಲಿವೆ. ನನ್ನ ಮುಂದೆ ತೆರೆದುಕೊಳ್ಳುವ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಅವೇ. ಉದಾಹರಣೆಗೆ ಬೇಕಾದಲ್ಲೆಲ್ಲ ‘ಒರೆ’ ಎಂಬ ಕಾಲ್ಪನಿಕ ಲೈಬ್ರರಿಯನ್ನು ಇಟ್ಟುಕೊಂಡಿದ್ದೇನೆ.

ಇರೋದೇ ಒಂದು ಹೆಡರ್ ಫೈಲ್. ಕಾಪಿ ಮಾಡಿ ಪ್ರಾಜೆಕ್ಟ್‌ಗೆ ಹಾಕ್ಕೊಂಡ್ರೆ ಸಾಲದಾ? ಪ್ಯಾಕೇಜ್ ಯಾಕೆ?

ನಿಮ್ಮೊಬ್ಬರ ಪ್ರಾಜೆಕ್ಟ್ ಆದರೆ ಸಾಕು. ಇಂಥ ಲೈಬ್ರರಿ ಬರೆದವರೇ ಎಷ್ಟೋ ಸಲ ಹಾಗೆ ಮಾಡಿ ಎನ್ನುತ್ತಾರೆ. ತೊಂದರೆ ಶುರುವಾಗುವುದು ಹತ್ತು ಪ್ರಾಜೆಕ್ಟ್‌ಗಳಲ್ಲಿ ಹತ್ತು ಪ್ರತಿಗಳು ಕೂತು, ಒಂದೊಂದೂ ಒಂದೊಂದು ಕಾಲದ್ದಾದಾಗ.

2024ರಲ್ಲಿ ಬಂದ ಜಿಸಿಸಿ 14 ಕಂಪೈಲರ್, ಘೋಷಣೆ ಇಲ್ಲದ ಫಂಕ್ಷನ್ ಕರೆದರೆ ಬರೀ ಎಚ್ಚರಿಕೆ ಕೊಡುವುದನ್ನು ಬಿಟ್ಟು ಎರರ್ ಕೊಡತೊಡಗಿತು. ಸ್ಟ್ರಿಂಗ್ ಹೆಡರ್ ಸೇರಿಸದೆ ಸ್ಟ್ರ್‌ಸಿಎಂಪಿ ಬಳಸುತ್ತಿದ್ದ ಹಳೆಯ ಟೆಸ್ಟ್ ಹೆಡರ್‌ಗಳು ಅಲ್ಲೇ ನಿಂತವು. 2025ರ ಜಿಸಿಸಿ 15 ಇನ್ನೂ ಮುಂದೆ ಹೋಗಿ, ನೀವು ಯಾವ ಸ್ಟ್ಯಾಂಡರ್ಡ್ ಎಂದು ಹೇಳದಿದ್ದರೆ ಸಿ ಭಾಷೆಯ ಹೊಸ ಸ್ಟ್ಯಾಂಡರ್ಡ್ ಆದ ಸಿ23 ಎಂದೇ ಹಿಡಿಯುತ್ತದೆ. ಹಿಂದೆಲ್ಲ ಫಂಕ್ಷನ್ ಪಾಯಿಂಟರ್ ಘೋಷಿಸುವಾಗ ಕಂಸ ಖಾಲಿ ಬಿಟ್ಟರೆ ಆರ್ಗ್ಯುಮೆಂಟ್ ಎಷ್ಟು ಎಂದು ಹೇಳಿಲ್ಲ ಎಂದರ್ಥ. ಸಿ23ರಲ್ಲಿ ಆರ್ಗ್ಯುಮೆಂಟೇ ಇಲ್ಲ ಎಂದರ್ಥ. ಟೆಸ್ಟ್ ಫಂಕ್ಷನ್‌ಗಳನ್ನು ಖಾಲಿ ಕಂಸದ ಪಾಯಿಂಟರ್‌ನಲ್ಲಿಟ್ಟು, ಆಮೇಲೆ ಅವಕ್ಕೆ ಏನಾದರೂ ಕಳಿಸುವ ಲೈಬ್ರರಿಗಳು ಈಗ ಕಂಪೈಲ್ ಆಗುವುದಿಲ್ಲ. ಬೂಲ್ ಎಂದು ತಾವೇ ಟೈಪ್‌ಡೆಫ್ ಮಾಡಿಕೊಂಡವುಗಳ ಕಥೆಯೂ ಅದೇ, ಸಿ23ರಲ್ಲಿ ಅದು ಕೀವರ್ಡ್.

ಪ್ಯಾಕೇಜ್ ಇದ್ದರೆ ಇದನ್ನು ಒಂದು ಕಡೆ ಒಬ್ಬರು ಸರಿಮಾಡಿದರೆ ಎಲ್ಲರಿಗೂ ಸರಿಯಾಯಿತು. ಪ್ರತಿಗಳಾದರೆ ಯಾರ್ಯಾರ ಫೋಲ್ಡರ್‌ನಲ್ಲಿ ಯಾವ ಕಾಲದ್ದು ಕೂತಿದೆ ಎಂದು ಹುಡುಕುತ್ತಾ ಹೋಗಬೇಕು.

ಚೆಕ್, ಸಿಯೂನಿಟ್, ಸಿಮಾಕಾ, ಯೂನಿಟಿ... ಇವುಗಳಲ್ಲಿ ಹಗುರ ಅಂದ್ರೆ ಯಾವುದು?

ಸಾಲುಗಳ ಲೆಕ್ಕಕ್ಕಿಂತ ಆಪರೇಟಿಂಗ್ ಸಿಸ್ಟಮ್‌ನಿಂದ ಎಷ್ಟು ಕೇಳುತ್ತದೆ ಎನ್ನುವುದನ್ನು ನೋಡಿ.

ಚೆಕ್ ಪ್ರತಿ ಟೆಸ್ಟನ್ನೂ ಫೋರ್ಕ್ ಮಾಡಿ ಬೇರೆ ಪ್ರೋಸೆಸ್‌ನಲ್ಲಿ ಓಡಿಸುತ್ತದೆ. ನಿಮ್ಮ ಕೋಡ್ ಮುಟ್ಟಬಾರದ ಮೆಮೊರಿ ಮುಟ್ಟಿ ಸೆಗ್‌ಫಾಲ್ಟ್ ಆದರೂ ಆ ಒಂದು ಟೆಸ್ಟ್ ಮಾತ್ರ ಸಾಯುತ್ತದೆ, ಉಳಿದವು ಮುಂದುವರಿಯುತ್ತವೆ. ಪಾಯಿಂಟರ್‌ಗಳ ಜೊತೆ ಇನ್ನೂ ಪಳಗದ ಎರಡನೇ ವರ್ಷದವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಗೂಗಲ್‌ನ ಸಿಮಾಕರಿಯಿಂದ ಕವಲೊಡೆದ ಸಿಮಾಕಾದಲ್ಲಿ ಮಾಕ್ ಫಂಕ್ಷನ್‌ಗಳ, ಅಂದರೆ ನಿಜವಾದದ್ದರ ಬದಲು ಇಡುವ ನಕಲಿ ಫಂಕ್ಷನ್‌ಗಳ, ಅನುಕೂಲ ಇದೆ. ಚೆಕ್, ಸಿಯೂನಿಟ್, ಸಿಮಾಕಾ ಮೂರೂ ಡೆಬಿಯನ್‌ನಲ್ಲಿ ಆಗಲೇ ಇವೆ, ಅವನ್ನು ಮತ್ತೆ ಪ್ಯಾಕೇಜ್ ಮಾಡಲು ಹೋಗಬೇಡಿ.

ಯೂನಿಟಿ ಬೇರೆ ಜಾತಿ. ಒಂದು ಸಿ ಫೈಲ್, ಎರಡು ಹೆಡರ್. ಫೋರ್ಕ್ ಬೇಡ, ಮ್ಯಾಲಕ್ ಬೇಡ. ಮೈಕ್ರೋಕಂಟ್ರೋಲರ್ ಮೇಲೂ ಓಡುತ್ತದೆ. ಚನ್ನಗಿರಿ ಕಡೆಯ ತೋಟಕ್ಕೆ ವಾಲ್ವ್ ಕಂಟ್ರೋಲರ್ ಮಾಡುವವರಿಗೆ ನಾನು ಹೇಳುವುದು ಇಂಥದ್ದನ್ನೇ. ಗೇಮ್ ಎಂಜಿನ್‌ಗೂ ಉಬುಂಟುವಿನ ಹಳೆಯ ಡೆಸ್ಕ್‌ಟಾಪ್‌ಗೂ ಇದೇ ಹೆಸರಿತ್ತು, ಮೂರಕ್ಕೂ ಸಂಬಂಧವಿಲ್ಲ. ಗ್ರೇಟೆಸ್ಟ್, ಅಕ್ಯೂಟೆಸ್ಟ್ ಎರಡೂ ಒಂದೇ ಹೆಡರ್‌ನಲ್ಲಿ ಮುಗಿಯುತ್ತವೆ.

ಫೋರ್ಕ್ ಇಲ್ಲದ ಲೈಬ್ರರಿಗಳಲ್ಲಿ ಅಸರ್ಟ್ ಫೇಲ್ ಆದಾಗ ಟೆಸ್ಟ್‌ನಿಂದ ಹೊರಬರಲು ಹಲವು ಸಲ ಸೆಟ್‌ಜಂಪ್, ಲಾಂಗ್‌ಜಂಪ್ ಬಳಸುತ್ತಾರೆ. ಜಿಗಿದು ಹೊರಬಂದರೆ ಆ ಟೆಸ್ಟ್ ಪಡೆದ ಮೆಮೊರಿ ಫ್ರೀ ಆಗುವುದಿಲ್ಲ, ಮೆಮೊರಿ ತಪ್ಪು ಹುಡುಕುವ ವಾಲ್‌ಗ್ರೈಂಡ್ ಲೀಕ್ ತೋರಿಸುತ್ತದೆ. ಫೇಲ್ ಆದ ಟೆಸ್ಟ್‌ಗೆ ಇದು ಸಹಜ, ಗಾಬರಿ ಬೇಡ.

ಹೆಡರ್ ಮಾತ್ರ ಕೊಡಬೇಕಾ, ಸ್ಟ್ಯಾಟಿಕ್ಕಾ, ಶೇರ್ಡ್ ಲೈಬ್ರರಿನಾ?

ಹೆಡರ್ ಮಾತ್ರ ಇದ್ದರೆ ಒಂದೇ ಪ್ಯಾಕೇಜ್ ಸಾಕು: ಲಿಬ್‌ಒರೆ-ಡೆವ್. ಪ್ಯಾಕೇಜ್‌ನ ವಿವರ ಬರೆಯುವ ಕಂಟ್ರೋಲ್ ಫೈಲ್‌ನ ಆರ್ಕಿಟೆಕ್ಚರ್ ಸಾಲಿನಲ್ಲಿ ‘ಆಲ್’, ಮಲ್ಟಿ-ಆರ್ಚ್ ಸಾಲಿನಲ್ಲಿ ‘ಫಾರಿನ್’. ಕಂಪೈಲ್‌ಗೆ ಬೇಕಾದ ಫ್ಲ್ಯಾಗ್‌ಗಳನ್ನು ಹೇಳುವ ಪಿಕೆಜಿ-ಕಾನ್ಫಿಗ್‌ನ ಪಿಸಿ ಫೈಲ್ ಯುಎಸ್‌ಆರ್ ಒಳಗಿನ ಶೇರ್ ಫೋಲ್ಡರ್‌ಗೆ ಹೋಗಲಿ, ಲಿಬ್‌ಗೆ ಬೇಡ.

ಸಿ ಫೈಲ್ ಇದ್ದರೆ ನನ್ನ ಒಲವು ಸ್ಟ್ಯಾಟಿಕ್ ಕಡೆಗೆ, ಅಂದರೆ ಲೈಬ್ರರಿಯ ಕೋಡ್ ಪ್ರೋಗ್ರಾಂ ಒಳಗೇ ಸೇರಿಹೋಗುವ ರೀತಿ. ಶೇರ್ಡ್ ಲೈಬ್ರರಿಯ ದೊಡ್ಡ ಲಾಭ ಎಂದರೆ ಭದ್ರತಾ ದೋಷ ಸಿಕ್ಕಾಗ ಒಂದನ್ನು ಬದಲಾಯಿಸಿದರೆ ಎಲ್ಲ ಪ್ರೋಗ್ರಾಂಗೂ ತಲುಪುವುದು. ಆದರೆ ಟೆಸ್ಟ್ ಪ್ರೋಗ್ರಾಂ ಬಳಕೆದಾರರ ಕಂಪ್ಯೂಟರ್‌ಗೆ ಹೋಗುವುದೇ ಇಲ್ಲ, ಬಿಲ್ಡ್ ಆದ ಜಾಗದಲ್ಲೇ ಹುಟ್ಟಿ ಅಲ್ಲೇ ಅಳಿಯುತ್ತದೆ. ಅದರ ಸಲುವಾಗಿ ಸೋನೇಮ್ (ಶೇರ್ಡ್ ಲೈಬ್ರರಿಯ ಆವೃತ್ತಿ ಹೇಳುವ ಹೆಸರು) ಕಾಯುವುದು, ಸಿಂಬಲ್ಸ್ ಫೈಲ್ (ಅದು ಹೊರಗೆ ಕೊಡುವ ಹೆಸರುಗಳ ಪಟ್ಟಿ) ನೋಡಿಕೊಳ್ಳುವುದು, ಒಂದು ಸ್ಟ್ರಕ್ಟ್‌ಗೆ ಫೀಲ್ಡ್ ಸೇರಿದರೂ ಎಬಿಐ (ಕಂಪೈಲ್ ಆದ ಕೋಡ್‌ಗಳ ನಡುವಿನ ಹೊಂದಾಣಿಕೆ) ಮುರಿಯಿತೇ ಎಂದು ಲೆಕ್ಕ ಹಾಕುವುದು ದುಬಾರಿ ಬಾಬತ್ತು. ಇಂಟರ್‌ಫೇಸ್ ಇನ್ನೂ ಬದಲಾಗುತ್ತಿದ್ದರೆ, ಅಥವಾ ಮೂಲ ಲೇಖಕರೇ ಸ್ಟ್ಯಾಟಿಕ್ ಎಂದು ಉದ್ದೇಶಿಸಿದ್ದರೆ, ಸ್ಟ್ಯಾಟಿಕ್ ಮಾತ್ರ ಕೊಡಲು ಡೆಬಿಯನ್ ಪಾಲಿಸಿಯಲ್ಲೇ ಅವಕಾಶ ಇದೆ.

ಸ್ಟ್ಯಾಟಿಕ್ ಆದರೆ ಆರ್ಕಿಟೆಕ್ಚರ್ ‘ಎನಿ’, ಮಲ್ಟಿ-ಆರ್ಚ್ ‘ಸೇಮ್’. ಆಗ ಒಂದೇ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್‌ನದ್ದೂ ರಾಸ್ಪ್‌ಬೆರಿ ಪೈಗೆ ಬೇಕಾದ ಆರ್ಮ್‌ನದ್ದೂ ಅಕ್ಕಪಕ್ಕ ಇನ್‌ಸ್ಟಾಲ್ ಆಗುತ್ತವೆ.

ಹೆಡರ್‌ಗಳನ್ನು ಇನ್‌ಕ್ಲೂಡ್ ಫೋಲ್ಡರ್‌ನಲ್ಲಿ ನೇರವಾಗಿ ಸುರಿಯಬೇಡಿ, ‘ಒರೆ’ ಎಂಬ ಉಪಫೋಲ್ಡರ್ ಮಾಡಿ. ಟೆಸ್ಟ್ ಎಂಬ ಹೆಸರಿನ ಹೆಡರ್ ಜಗತ್ತಿನ ಅರ್ಧ ಪ್ರಾಜೆಕ್ಟ್‌ಗಳಲ್ಲಿದೆ.

ಟೆಸ್ಟ್‌ಗಳನ್ನ ತಾನಾಗೇ ಪತ್ತೆ ಹಚ್ಚೋ ಲೈಬ್ರರಿ ನಂದು. ಪ್ಯಾಕೇಜ್ ಮಾಡಿದ್ಮೇಲೆ ‘ಸೊನ್ನೆ ಟೆಸ್ಟ್, ಎಲ್ಲ ಪಾಸ್’ ಅಂತಿದೆ. ಯಾಕೆ?

ನಿಮ್ಮ ಲೈಬ್ರರಿ ಜಿಸಿಸಿಯ ಕನ್‌ಸ್ಟ್ರಕ್ಟರ್ ಆಟ್ರಿಬ್ಯೂಟ್ ಬಳಸುತ್ತಿದೆ. ಮೇನ್ ಶುರುವಾಗುವ ಮೊದಲೇ ಪ್ರತಿ ಟೆಸ್ಟ್ ತನ್ನ ಹೆಸರನ್ನು ಪಟ್ಟಿಗೆ ಸೇರಿಸಿಕೊಳ್ಳುವ ಏರ್ಪಾಡು ಅದು. ಟೆಸ್ಟ್‌ಗಳ ಆಬ್ಜೆಕ್ಟ್ ಫೈಲ್‌ಗಳನ್ನು ನೇರವಾಗಿ ಲಿಂಕ್ ಮಾಡಿದರೆ ಚೆನ್ನಾಗಿಯೇ ನಡೆಯುತ್ತದೆ. ಅವನ್ನೇ ಸ್ಟ್ಯಾಟಿಕ್ ಆರ್ಕೈವ್‌ನೊಳಗೆ ಇಟ್ಟಿರೋ, ಲಿಂಕರ್ ಯಾರಾದರೂ ಹೆಸರು ಹಿಡಿದು ಕೇಳಿದ ಆಬ್ಜೆಕ್ಟನ್ನು ಮಾತ್ರ ಒಳಗೆ ತರುತ್ತದೆ. ನಿಮ್ಮ ಟೆಸ್ಟ್ ಫೈಲನ್ನು ಹೆಸರು ಹಿಡಿದು ಕೇಳುವವರು ಯಾರೂ ಇಲ್ಲ, ಹಾಗಾಗಿ ಅದು ಸದ್ದಿಲ್ಲದೆ ಬಿದ್ದುಹೋಗುತ್ತದೆ.

ಲಿಂಕರ್‌ಗೆ ಹೋಲ್-ಆರ್ಕೈವ್ ಆಪ್ಷನ್ ಕೊಟ್ಟರೆ ಆರ್ಕೈವ್ ಪೂರ್ತಿ ಒಳಗೆ ಬರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಒಂದೂ ಟೆಸ್ಟ್ ಓಡದಿದ್ದರೆ ಲೈಬ್ರರಿ ಅದನ್ನು ಫೇಲ್ ಎಂದೇ ಹೇಳಬೇಕು. ಮೂಲ ಲೇಖಕರಿಗೆ ಈ ಪ್ಯಾಚ್ ಕಳಿಸಿ; ಅವರು ಒಪ್ಪುವವರೆಗೆ ನಿಮ್ಮ ಪ್ಯಾಕೇಜ್‌ನಲ್ಲೇ ಇಟ್ಟುಕೊಳ್ಳಿ.

ರಿಲೀಸ್ ಬಿಲ್ಡ್‌ನಲ್ಲಿ ತಪ್ಪು ಕೋಡ್ ಕೊಟ್ರೂ ಟೆಸ್ಟ್ ಪಾಸ್ ಆಗ್ತಿದೆ!

ಲೈಬ್ರರಿ ಒಳಗೆ ಸಿ ಭಾಷೆಯ ಮಾಮೂಲಿ ಅಸರ್ಟ್ ಬಳಸಿದ್ದಾರೆ. ಎನ್‌ಡಿಬಗ್ ಎಂಬ ಮ್ಯಾಕ್ರೋ ಇದ್ದರೆ ಅಸರ್ಟ್ ಇಲ್ಲವೇ ಇಲ್ಲದಂತೆ ಮಾಯವಾಗುತ್ತದೆ, ಬಿಲ್ಡ್ ಸಾಧನವಾದ ಸಿಮೇಕ್‌ನ ರಿಲೀಸ್ ಬಿಲ್ಡ್ ಆ ಮ್ಯಾಕ್ರೋವನ್ನು ತಾನಾಗಿ ಸೇರಿಸುತ್ತದೆ. ಡೆಬಿಯನ್‌ನಲ್ಲಿ ಪ್ಯಾಕೇಜ್ ಕಟ್ಟುವ ಸಾಧನ ಡೆಬ್‌ಹೆಲ್ಪರ್ ಬಿಲ್ಡ್ ಟೈಪನ್ನು ‘ನನ್’ ಎಂದು ಇಡುವುದರಿಂದ ಪ್ಯಾಕೇಜ್ ಕಟ್ಟುವಾಗ ಇದು ಕಣ್ಣಿಗೆ ಬೀಳುವುದೇ ಇಲ್ಲ, ಬಳಸುವವರ ಕೈಯಲ್ಲಿ ಬೀಳುತ್ತದೆ. ಟೆಸ್ಟ್ ಲೈಬ್ರರಿಗೆ ತನ್ನದೇ ಅಸರ್ಟ್ ಮ್ಯಾಕ್ರೋ ಇರಬೇಕು, ಅದು ಎನ್‌ಡಿಬಗ್ ಕಡೆ ತಿರುಗಿಯೂ ನೋಡಬಾರದು.

ಟೆಸ್ಟ್ ಮಾಡೋ ಲೈಬ್ರರಿಯನ್ನ ಟೆಸ್ಟ್ ಮಾಡೋದು ಹೇಗೆ?

ಇಡೀ ಪಟ್ಟಿಯಲ್ಲಿ ನನಗೆ ಹೆಚ್ಚು ಕಾಳಜಿ ಇರುವ ಪ್ರಶ್ನೆ ಇದು. ಎಪಿಎಂಸಿಯಲ್ಲಿ ತಕ್ಕಡಿಗೆ ಮುದ್ರೆ ಬೀಳಬೇಕಾದರೆ ಗೊತ್ತಿರುವ ತೂಕದ ಕಲ್ಲಿಟ್ಟು ನೋಡುತ್ತಾರೆ. ಲೈಬ್ರರಿಗೂ ಗೊತ್ತಿರುವ ತಪ್ಪನ್ನೇ ಕೊಟ್ಟು ನೋಡಬೇಕು. ಪಾಸ್ ಆಗುವ ಟೆಸ್ಟ್‌ಗಳನ್ನು ಎಷ್ಟು ಓಡಿಸಿದರೂ ಅದು ಫೇಲ್ ಹೇಳಬಲ್ಲದು ಎಂದು ಸಾಬೀತಾಗುವುದಿಲ್ಲ.

ನಾನು ಇಟ್ಟುಕೊಳ್ಳುವ ಫೇಲ್ ಆಗುವ ಟೆಸ್ಟ್ ಹೀಗಿದೆ. 340 ಕೆ.ಜಿ. ಮೆಕ್ಕೆಜೋಳ, ಕ್ವಿಂಟಾಲ್‌ಗೆ 2,150 ರೂಪಾಯಿ ಎಂದುಕೊಳ್ಳಿ. ಬರಬೇಕಾದ ಹಣ 7,310. ಫಂಕ್ಷನ್ ಬರೆದವರು ಇಂಟಿಜರ್‌ನಲ್ಲಿ 340ನ್ನು ಮೊದಲು 100ರಿಂದ ಭಾಗಿಸಿ ಆಮೇಲೆ ದರದಿಂದ ಗುಣಿಸಿದರೆ, ಸಿ ಭಾಷೆ ದಶಾಂಶವನ್ನು ಕತ್ತರಿಸಿ 3 ಎನ್ನುತ್ತದೆ, ರೈತನ ಕೈಗೆ ಬರುವುದು 6,450. ಮೊದಲು ಗುಣಿಸಿ ಆಮೇಲೆ ಭಾಗಿಸಿದರೆ ಸರಿಹೋಗುತ್ತದೆ. ಆ ತಪ್ಪು ಫಂಕ್ಷನ್ನನ್ನು ಬೇಕೆಂದೇ ಹಾಗೇ ಇಟ್ಟು ನಾಲ್ಕು ಸಂಗತಿ ನೋಡುತ್ತೇನೆ: ಟೆಸ್ಟ್ ಫೇಲ್ ಆಯಿತೇ, 7,310 ನಿರೀಕ್ಷೆ, 6,450 ಬಂತು ಎಂದು ಎರಡೂ ಸಂಖ್ಯೆ ತೋರಿಸಿತೇ, ಫೈಲ್ ಹೆಸರು ಮತ್ತು ಸಾಲಿನ ಸಂಖ್ಯೆ ಸರಿ ಇದೆಯೇ, ಎಕ್ಸಿಟ್ ಕೋಡ್ ಸೊನ್ನೆ ಅಲ್ಲ ತಾನೇ.

ಈ ಕೊನೆಯದರಲ್ಲಿ ಎರಡು ಗುಂಡಿಗಳಿವೆ.

ಒಂದು, ಶೆಲ್ ಸ್ಕ್ರಿಪ್ಟ್. ಮೇಲೆ ಸೆಟ್ ಮೈನಸ್ ಇ ಹಾಕಿ, ‘ಇದು ಫೇಲ್ ಆಗಬೇಕು’ ಎನ್ನಲು ಕಮಾಂಡ್ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಇಡುವುದು ಎಲ್ಲರ ರೂಢಿ. ಆದರೆ ಆ ಚಿಹ್ನೆ ಇರುವ ಕಮಾಂಡ್‌ಗೆ ಸೆಟ್ ಮೈನಸ್ ಇ ಅನ್ವಯಿಸುವುದಿಲ್ಲ. ಫೇಲ್ ಆಗಬೇಕಾದದ್ದು ಪಾಸ್ ಆದರೂ ಸ್ಕ್ರಿಪ್ಟ್ ನಿಲ್ಲದೆ ಮುಂದೆ ಹೋಗುತ್ತದೆ. ಇಫ್ ಬರೆದು, ಪಾಸ್ ಆದರೆ ಎಕ್ಸಿಟ್ 1 ಎಂದು ನೇರವಾಗಿ ಹೇಳಿ.

ಎರಡು, ಫೇಲ್ ಆದ ಟೆಸ್ಟ್‌ಗಳ ಸಂಖ್ಯೆಯನ್ನೇ ಎಕ್ಸಿಟ್ ಕೋಡ್ ಮಾಡುವ ಅಭ್ಯಾಸ. ಯೂನಿಟಿಯ ಕೊನೆಯ ಮ್ಯಾಕ್ರೋ ಆ ಸಂಖ್ಯೆಯನ್ನು ಹಿಂತಿರುಗಿಸುತ್ತದೆ, ಅದನ್ನೇ ಮೇನ್‌ನಿಂದ ರಿಟರ್ನ್ ಮಾಡುವುದು ಸಾಮಾನ್ಯ. ಲಿನಕ್ಸ್‌ನಲ್ಲಿ ಎಕ್ಸಿಟ್ ಕೋಡ್‌ನ ಕೆಳಗಿನ 8 ಬಿಟ್ ಮಾತ್ರ ಉಳಿಯುತ್ತದೆ. 256 ಟೆಸ್ಟ್ ಫೇಲ್ ಆದರೆ ಹೊರಗೆ ಕಾಣುವುದು ಸೊನ್ನೆ, ಅಂದರೆ ಪಾಸ್. ಆಟೋಮೇಕ್ ಬಳಸುವವರಿಗೆ ಇನ್ನೂ ಹತ್ತಿರದ ಅಪಾಯ ಇದೆ: ಅದರ ಲೆಕ್ಕದಲ್ಲಿ 77 ಎಂದರೆ ‘ಈ ಟೆಸ್ಟ್ ಬಿಟ್ಟೆವು’. ಸರಿಯಾಗಿ 77 ಫೇಲ್ ಆದ ದಿನ ವರದಿಯಲ್ಲಿ ಸ್ಕಿಪ್ ಎಂದು ಬರುತ್ತದೆ. ಫೇಲ್ ಎಷ್ಟೇ ಇರಲಿ, ಎಕ್ಸಿಟ್ ಕೋಡ್ 1 ಇರಲಿ. ಸಂಖ್ಯೆ ಬೇಕಾದವರು ಔಟ್‌ಪುಟ್ ಓದುತ್ತಾರೆ.

ಆಟೋಪಿಕೆಜಿಟೆಸ್ಟ್ ಅಂದ್ರೆ ಏನು? ಬಿಲ್ಡ್ ಆಗುವಾಗಲೇ ಟೆಸ್ಟ್ ಓಡುತ್ತಲ್ಲ?

ಬಿಲ್ಡ್ ವೇಳೆ ಓಡುವುದು ಸೋರ್ಸ್ ಫೋಲ್ಡರ್‌ನೊಳಗಿನ ಲೈಬ್ರರಿ. ಆಟೋಪಿಕೆಜಿಟೆಸ್ಟ್ ಓಡಿಸುವುದು ಇನ್‌ಸ್ಟಾಲ್ ಆದ ಪ್ಯಾಕೇಜನ್ನು. ಹೆಡರ್ ಒಂದನ್ನು ಪ್ಯಾಕೇಜ್‌ಗೆ ಸೇರಿಸಲು ಮರೆತರೆ, ಪಿಸಿ ಫೈಲ್‌ನಲ್ಲಿ ಪಾತ್ ತಪ್ಪಿದರೆ ಮೊದಲನೆಯದಕ್ಕೆ ಗೊತ್ತಾಗುವುದಿಲ್ಲ, ಎರಡನೆಯದು ಹಿಡಿಯುತ್ತದೆ. ಖಾಲಿ ಫೋಲ್ಡರ್‌ನಲ್ಲಿ ಪುಟ್ಟ ಸಿ ಫೈಲ್ ಬರೆದು, ಪಿಕೆಜಿ-ಕಾನ್ಫಿಗ್ ಕೊಟ್ಟ ಫ್ಲ್ಯಾಗ್‌ಗಳಿಂದ ಮಾತ್ರ ಕಂಪೈಲ್ ಮಾಡಿ ಓಡಿಸಿ. ಮೇಲೆ ಹೇಳಿದ ಮೆಕ್ಕೆಜೋಳದ ಟೆಸ್ಟ್‌ಗೆ ಸರಿಯಾದ ಜಾಗ ಇದೇ.

ಸ್ಟ್ಯಾಂಡರ್ಡ್ ಎರರ್‌ಗೆ ಒಂದಕ್ಷರ ಬಂದರೂ ಆಟೋಪಿಕೆಜಿಟೆಸ್ಟ್ ಅದನ್ನು ಫೇಲ್ ಎನ್ನುತ್ತದೆ ಎಂಬುದು ನೆನಪಿರಲಿ. ಟೆಸ್ಟ್ ಲೈಬ್ರರಿಗಳು ಫೇಲ್ ಆದದ್ದನ್ನು ಅಲ್ಲಿಗೇ ಬರೆಯುವುದು ಹೆಚ್ಚು. ರಿಸ್ಟ್ರಿಕ್ಷನ್ಸ್ ಸಾಲಿನಲ್ಲಿ ಅಲೋ-ಎಸ್‌ಟಿಡಿಎರರ್ ಹಾಕಿ.

ನಮ್ಮ ಸಿಮೇಕ್ ಫೈಲ್ ಟೆಸ್ಟ್ ಲೈಬ್ರರಿಯನ್ನ ಬಿಲ್ಡ್ ಟೈಮಲ್ಲಿ ಗಿಟ್‌ನಿಂದ ಇಳಿಸ್ಕೊಳ್ಳುತ್ತೆ. ಡೆಬಿಯನ್‌ನಲ್ಲಿ ಯಾಕೆ ಒಡೀತಿದೆ?

ಡೆಬಿಯನ್‌ನಲ್ಲಿ ಪ್ಯಾಕೇಜ್ ಬಿಲ್ಡ್ ಆಗುವಾಗ ನೆಟ್‌ವರ್ಕ್ ಮುಟ್ಟುವಂತಿಲ್ಲ. ಇಂದು ಇಳಿದದ್ದು ನಾಳೆ ಅಲ್ಲಿ ಇರುತ್ತದೆ, ಅದೇ ಇರುತ್ತದೆ ಎಂಬ ಖಾತ್ರಿ ಯಾರಿಗೂ ಇಲ್ಲ. ಹೀಗೆ ಇಳಿಸಿಕೊಳ್ಳುವ ಫೆಚ್‌ಕಂಟೆಂಟ್ ಬಳಸುವ ಮುನ್ನ ಫೈಂಡ್-ಪ್ಯಾಕೇಜ್‌ನಿಂದ ಸಿಸ್ಟಮ್‌ನಲ್ಲಿ ಲೈಬ್ರರಿ ಇದೆಯೇ ಎಂದು ನೋಡುವಂತೆ ತಿದ್ದಿ, ಬಿಲ್ಡ್‌ಗೆ ಬೇಕಾದ ಪ್ಯಾಕೇಜ್‌ಗಳ ಪಟ್ಟಿಯಾದ ಬಿಲ್ಡ್-ಡಿಪೆಂಡ್ಸ್‌ನಲ್ಲಿ ಲಿಬ್‌ಒರೆ-ಡೆವ್ ಸೇರಿಸಿ. ಹಳ್ಳಿಯಲ್ಲಿ ಕೂತು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವವರಿಗೂ ಇದರಿಂದ ಉಪಕಾರವೇ.

ನೋಚೆಕ್ ಎರಡು ಕಡೆ ಕಾಣುತ್ತೆ. ಎರಡೂ ಒಂದೇನಾ?

ಅಲ್ಲ. ಡೆಬ್-ಬಿಲ್ಡ್-ಆಪ್ಷನ್ಸ್‌ನಲ್ಲಿರುವ ನೋಚೆಕ್ ಟೆಸ್ಟ್ ಓಡಿಸಬೇಡ ಎನ್ನುತ್ತದೆ. ಬಿಲ್ಡ್ ಪ್ರೊಫೈಲ್‌ನ ನೋಚೆಕ್ ಟೆಸ್ಟ್‌ಗೆ ಬೇಕಾದ ಪ್ಯಾಕೇಜ್‌ಗಳನ್ನೂ ತರಬೇಡ ಎನ್ನುತ್ತದೆ. ಟೆಸ್ಟ್ ಲೈಬ್ರರಿಯ ಮೇಲಿನ ಅವಲಂಬನೆಗೆ ಈ ಪ್ರೊಫೈಲ್ ಗುರುತು ಹಾಕುವುದು ಒಳ್ಳೆಯದು. ಇಲ್ಲದಿದ್ದರೆ ಒಂದು ಟೆಸ್ಟ್ ಲೈಬ್ರರಿಗೆ ಇನ್ನೊಂದು ಬೇಕು, ಅದಕ್ಕೆ ಮೊದಲನೆಯದು ಬೇಕು ಎಂಬ ಸುತ್ತು ಬಿದ್ದು, ಹೊಸ ಆರ್ಕಿಟೆಕ್ಚರ್‌ಗೆ ಡೆಬಿಯನ್ ಕಟ್ಟುವವರು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ನಿಲ್ಲುತ್ತಾರೆ.

ಕನ್ನಡ ಸ್ಟ್ರಿಂಗ್‌ಗಳನ್ನ ಟೆಸ್ಟ್ ಮಾಡ್ಬಹುದಾ?

ಮಾಡಲೇಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೆ 3 ಬೈಟ್. ‘ದಾವಣಗೆರೆ’ಯಲ್ಲಿ ದ, ದೀರ್ಘ, ವ, ಣ, ಗ, ಎತ್ವ, ರ, ಎತ್ವ ಎಂದು 8 ಕೋಡ್ ಪಾಯಿಂಟ್, ಸ್ಟ್ರ್‌ಲೆನ್ 24 ಎನ್ನುತ್ತದೆ. ‘ಚಿತ್ರದುರ್ಗ’ಕ್ಕೆ 10 ಕೋಡ್ ಪಾಯಿಂಟ್, 30 ಬೈಟ್, ಕೊನೆಯ ಸೊನ್ನೆ ಸೇರಿ 31. ಕಣ್ಣಿಗೆ ನಾಲ್ಕೈದೇ ಅಕ್ಷರ ಕಾಣುತ್ತದೆಂದು 16ರ ಬಫರ್ ಇಟ್ಟ ಬಿಲ್ಲಿಂಗ್ ಪ್ರೋಗ್ರಾಂ ಊರ ಹೆಸರು ಬಂದ ಕೂಡಲೇ ಪಕ್ಕದ ಮೆಮೊರಿಯ ಮೇಲೆ ಬರೆಯುತ್ತದೆ. ಪ್ರಿಂಟ್‌ಎಫ್‌ನಲ್ಲಿ ಅಗಲ ಕೊಟ್ಟು ಸಾಲು ಜೋಡಿಸಿದರೂ ಕೆಡುತ್ತದೆ, ಅದು ಎಣಿಸುವುದು ಬೈಟ್‌ಗಳನ್ನು.

ಪ್ಯಾಕೇಜ್ ಮಾಡುವವರು ನೋಡಬೇಕಾದದ್ದು, ಸ್ಟ್ರಿಂಗ್ ಟೆಸ್ಟ್ ಫೇಲ್ ಆದಾಗ ಲೈಬ್ರರಿ ಕನ್ನಡವನ್ನು ಹಾಗೇ ಮುದ್ರಿಸುತ್ತದೆಯೋ, ಹೆಕ್ಸ್ ಸಂಖ್ಯೆಗಳ ಸಾಲಾಗಿಸುತ್ತದೆಯೋ, ಉದ್ದವಾದರೆ ಅಕ್ಷರದ ನಡುವೆಯೇ ಕತ್ತರಿಸುತ್ತದೆಯೋ ಎಂದು. ಇದಕ್ಕೊಂದು ಟೆಸ್ಟ್ ಬರೆದು ಮೂಲ ಲೇಖಕರಿಗೆ ಕಳಿಸಿ. ನಮ್ಮ ಭಾಷೆಯ ಉದಾಹರಣೆ ಅಲ್ಲಿರಬೇಕಾದರೆ ನಾವೇ ಕೊಡಬೇಕು.

ಲ್ಯಾಬ್‌ನಲ್ಲಿ ಇರೋದು ವಿಂಡೋಸ್. ಏನ್ ಮಾಡೋದು?

ವಿಂಡೋಸ್‌ನಲ್ಲೇ ಜಿಸಿಸಿ ಕೊಡುವ ಎಂಸಿಸ್2 ಹಾಕಿಕೊಳ್ಳಿ, ಅಥವಾ ವಿಸಿಪಿಕೆಜಿ, ಕೊನಾನ್ ಎಂಬ ಪ್ಯಾಕೇಜ್ ಮ್ಯಾನೇಜರ್‌ಗಳನ್ನು ನೋಡಿ. ವಿಂಡೋಸ್‌ನಲ್ಲಿ ಫೋರ್ಕ್ ಇಲ್ಲದ್ದರಿಂದ ಚೆಕ್ ಅಲ್ಲಿ ಫೋರ್ಕ್ ಮಾಡದೆ ಓಡುತ್ತದೆ, ಒಂದು ಸೆಗ್‌ಫಾಲ್ಟ್ ಇಡೀ ಓಟವನ್ನು ನಿಲ್ಲಿಸುತ್ತದೆ.

ಫೆಡೋರಾ, ಆರ್ಚ್‌ಗೂ ಇದೇ ಕ್ರಮನಾ?

ತಿರುಳು ಅದೇ. ಫೆಡೋರಾದಲ್ಲಿ ಹೆಡರ್ ಮಾತ್ರ ಇರುವ ಲೈಬ್ರರಿ ಡೆವೆಲ್ ಪ್ಯಾಕೇಜ್‌ಗೆ ಹೋಗುತ್ತದೆ, ಜೊತೆಗೆ ಸ್ಟ್ಯಾಟಿಕ್ ಎಂಬ ಹೆಸರಿನ ಪ್ರೊವೈಡ್ಸ್ ಸಾಲು ಬೇಕು. ಟೆಸ್ಟ್‌ಗಳು ಸ್ಪೆಕ್ ಫೈಲ್‌ನ ಚೆಕ್ ವಿಭಾಗದಲ್ಲಿ. ಆರ್ಚ್‌ನಲ್ಲಿ ಚೆಕ್ ಎಂಬ ಫಂಕ್ಷನ್, ಚೆಕ್‌ಡಿಪೆಂಡ್ಸ್ ಎಂಬ ಪಟ್ಟಿ.

ಲೈಸೆನ್ಸ್ ಬಗ್ಗೆ ಅಷ್ಟೊಂದು ತಲೆ ಕೆಡಿಸ್ಕೋಬೇಕಾ?

ಬೇಕು. ಯೂನಿಟಿ ಎಂಐಟಿ, ಗ್ರೇಟೆಸ್ಟ್ ಐಎಸ್‌ಸಿ, ಸಿಮಾಕಾ ಅಪಾಚೆ 2.0, ಚೆಕ್ ಎಲ್‌ಜಿಪಿಎಲ್. ಎಲ್ಲವೂ ಡೆಬಿಯನ್‌ಗೆ ಸರಿಹೊಂದುತ್ತವೆ. ಕಷ್ಟ ಬರುವುದು ಲೈಸೆನ್ಸ್ ಫೈಲೇ ಇಲ್ಲದ ರೆಪೊಸಿಟರಿಗಳಲ್ಲಿ. ಕೋಡ್ ಎಲ್ಲರಿಗೂ ಕಾಣುತ್ತದೆ ಎಂದಮಾತ್ರಕ್ಕೆ ಹಂಚುವ ಹಕ್ಕು ಬರುವುದಿಲ್ಲ. ಲೇಖಕರಿಗೆ ಸೌಜನ್ಯದಿಂದ ಒಂದು ಪತ್ರ ಬರೆದು ಕೇಳಿ. ಕಾಪಿರೈಟ್ ಫೈಲ್ ಬರೆಯುವಾಗ ಉದಾಹರಣೆ ಫೋಲ್ಡರ್‌ಗಳನ್ನೂ ತೆರೆದು ನೋಡಿ. ಬೇರೆಯವರ ಕೋಡ್ ಸೇರಿಕೊಂಡಿರುವುದು ಅಲ್ಲೇ.

ಡೆಬಿಯನ್‌ಗೆ ಸೇರಿಸೋದು ಹೇಗೆ? ದಾವಣಗೆರೆಯಲ್ಲಿ ಕೂತು ಆಗುತ್ತಾ?

ಎಲ್ಲಿ ಕೂತರೂ ಆಗುತ್ತದೆ, ಎಲ್ಲವೂ ಇಂಟರ್‌ನೆಟ್‌ನಲ್ಲೇ ನಡೆಯುವುದು. ಮೊದಲು ಡಬ್ಲ್ಯೂಎನ್‌ಪಿಪಿಗೆ (ಡೆಬಿಯನ್‌ಗೆ ಬೇಕಾದ ಹೊಸ ಪ್ಯಾಕೇಜ್‌ಗಳ ಪಟ್ಟಿಗೆ) ಐಟಿಪಿ ಬಗ್ ಹಾಕಿ: ಇದನ್ನು ನಾನು ಪ್ಯಾಕೇಜ್ ಮಾಡುತ್ತಿದ್ದೇನೆ ಎಂಬ ಸೂಚನೆ ಅದು. ಎಸ್‌ಬಿಲ್ಡ್‌ನಲ್ಲಿ ಸ್ವಚ್ಛ ಪರಿಸರದಲ್ಲಿ ಬಿಲ್ಡ್ ಮಾಡಿ, ಪ್ಯಾಕೇಜ್‌ನ ತಪ್ಪು ಹುಡುಕುವ ಲಿಂಟಿಯನ್ ಹೇಳಿದ್ದನ್ನೆಲ್ಲ ಓದಿ, ಮೆಂಟರ್ಸ್ ತಾಣಕ್ಕೆ ಏರಿಸಿ, ಸ್ಪಾನ್ಸರ್ ಬೇಕೆಂದು ಆರ್‌ಎಫ್‌ಎಸ್ ಬಗ್ ಹಾಕಿ. ಡೆಬಿಯನ್ ಡೆವಲಪರ್ ಒಬ್ಬರು ನೋಡಿ, ತಿದ್ದಿಸಿ, ಅಪ್‌ಲೋಡ್ ಮಾಡುತ್ತಾರೆ. ಆಮೇಲೆ ಹೊಸ ಪ್ಯಾಕೇಜ್‌ಗಳು ಕಾಯುವ ನ್ಯೂ ಕ್ಯೂ, ಅಲ್ಲಿ ಲೈಸೆನ್ಸ್ ಕೂಲಂಕಷವಾಗಿ ನೋಡುತ್ತಾರೆ. ಉತ್ತರ ಬರಲು ವಾರಗಳು ಹಿಡಿಯಬಹುದು. ಸೆಮಿಸ್ಟರ್ ಮುಗಿಯುವ ವಾರದಲ್ಲಿ ಶುರುಮಾಡಬೇಡಿ.

ಒಂದು ವಿನಂತಿ: ಬಳಸುವವರೇ ಇಲ್ಲದ ಲೈಬ್ರರಿಯನ್ನು ತರಬೇಡಿ. ಅದನ್ನು ಬಿಲ್ಡ್-ಡಿಪೆಂಡ್ಸ್‌ನಲ್ಲಿ ಕೇಳುವ ಪ್ಯಾಕೇಜ್ ಒಂದಾದರೂ ಇದ್ದರೆ ಸ್ಪಾನ್ಸರ್ ಒಪ್ಪುವುದು ಸುಲಭ, ನೀವು ಪಟ್ಟ ಶ್ರಮಕ್ಕೂ ಬೆಲೆ.

ಒಳಗೆ ಹೋದ್ಮೇಲೆ ನಮ್ಮ ಕೆಲಸ ಮುಗೀತಾ?

ಮುಗಿಯುವುದಿಲ್ಲ. ವಾಚ್ ಫೈಲ್ ಸರಿ ಇದ್ದರೆ ಯುಸ್ಕ್ಯಾನ್ ಹೊಸ ಆವೃತ್ತಿ ಬಂದದ್ದನ್ನು ತಿಳಿಸುತ್ತದೆ. ಹೊಸದನ್ನು ಏರಿಸುವ ಮೊದಲು ಬಿಲ್ಡ್-ಆರ್‌ಡೆಪ್ಸ್ ಓಡಿಸಿ ನಿಮ್ಮ ಲೈಬ್ರರಿಯನ್ನು ನಂಬಿಕೊಂಡ ಪ್ಯಾಕೇಜ್‌ಗಳ ಪಟ್ಟಿ ತೆಗೆಯಿರಿ, ಅವನ್ನೆಲ್ಲ ಹೊಸ ಆವೃತ್ತಿಯೊಂದಿಗೆ ಮತ್ತೆ ಬಿಲ್ಡ್ ಮಾಡಿ ನೋಡಿ. ಕೈಯಿಂದ ಮಾಡಲಾಗದಷ್ಟಿದ್ದರೆ ರ‍್ಯಾಟ್ ಎಂಬ ಸಾಧನ ಇದೆ. ಅಸರ್ಟ್ ಮೊದಲಿಗಿಂತ ಬಿಗಿಯಾದರೆ ಎಲ್ಲೋ ಅಡಗಿದ್ದ ತಪ್ಪು ಹೊರಬಿದ್ದು ಬೇರೆಯವರ ಪ್ಯಾಕೇಜ್ ಫೇಲ್ ಆಗಬಹುದು. ಆಗ ಲೈಬ್ರರಿಯನ್ನು ಸಡಿಲಿಸಬೇಡಿ, ಅವರಿಗೆ ಬಗ್ ಹಾಕಿ, ಸಾಧ್ಯವಾದರೆ ಪ್ಯಾಚ್ ಜೊತೆಗೇ ಕಳಿಸಿ.

ಕೆಲಸ ಸಿಕ್ಕಿ ಬೆಂಗಳೂರಿಗೋ ಪುಣೆಗೋ ಹೋದ ಮೇಲೆ ಪ್ಯಾಕೇಜ್ ಅನಾಥವಾಗುವುದನ್ನು ಬಹಳ ಸಲ ನೋಡಿದ್ದೇನೆ. ಕಂಟ್ರೋಲ್ ಫೈಲ್‌ನ ಅಪ್‌ಲೋಡರ್ಸ್ ಸಾಲಿಗೆ ನಿಮ್ಮ ಜೂನಿಯರ್ ಒಬ್ಬರನ್ನು ಕೊನೆಯ ಸೆಮಿಸ್ಟರ್‌ಗೆ ಮೊದಲೇ ಸೇರಿಸಿ, ಮುಂದಿನ ಅಪ್‌ಲೋಡ್ ಅವರೇ ತಯಾರಿಸಲಿ, ನೀವು ಪಕ್ಕದಲ್ಲಿ ಕೂತು ನೋಡಿ.